ಲರೇಡೋ ಬೀದಿಗೆ ಬಂದ ಹಾಡು

ಅಮೆರಿಕದ ಟೆಕ್ಸಾಸ್ ರಾಜ್ಯದ ದಕ್ಷಿಣದ ಗಡಿಯಲ್ಲಿ, ರಿಯೊ ಗ್ರಾಂಡೆ ನದಿಯ ದಂಡೆಯ ಮೇಲೆ ಲರೇಡೋ ಎಂಬ ಊರಿದೆ. 1755ರಲ್ಲಿ ಸ್ಪೇನಿನವರು ನೆಲೆಯೂರಿ ಕಟ್ಟಿದ ಊರು. ನದಿ ದಾಟಿದರೆ ಮೆಕ್ಸಿಕೊ. 1840ರಲ್ಲಿ ಕೆಲವೇ ತಿಂಗಳು ಬಾಳಿದ ರಿಯೊ ಗ್ರಾಂಡೆ ಗಣರಾಜ್ಯಕ್ಕೆ ಇದೇ ರಾಜಧಾನಿಯಾಗಿತ್ತು. ಇಷ್ಟೆಲ್ಲ ಚರಿತ್ರೆಯಿದ್ದರೂ ದೂರದೇಶದವರ ಕಿವಿಗೆ ಈ ಊರಿನ ಹೆಸರು ಬಿದ್ದದ್ದು ಹೆಚ್ಚಾಗಿ ಒಂದು ಹಾಡಿನಿಂದ. 'ಸ್ಟ್ರೀಟ್ಸ್ ಆಫ್ ಲರೇಡೋ' ಎಂಬ ಆ ಹಾಡನ್ನು ಮಾರ್ಟಿ ರಾಬಿನ್ಸ್ ಹಾಡಿದ್ದಾರೆ, ಜಾನಿ ಕ್ಯಾಶ್ ಎರಡು ಸಲ ಧ್ವನಿಮುದ್ರಿಸಿದ್ದಾರೆ, ಕಂಟ್ರಿ ಸಂಗೀತದ ದೊಡ್ಡ ದೊಡ್ಡ ಗಾಯಕರೆಲ್ಲ ಒಮ್ಮೆಯಾದರೂ ಅದನ್ನು ಮುಟ್ಟಿ ಬಂದಿದ್ದಾರೆ. ಆದರೆ ಆ ಹಾಡಿನೊಳಗೆ ಲರೇಡೋ ಎಲ್ಲಿದೆ ಎಂದು ಹುಡುಕಿದರೆ ಹೆಸರೊಂದನ್ನು ಬಿಟ್ಟು ಬೇರೇನೂ ಸಿಗುವುದಿಲ್ಲ. ನದಿಯಿಲ್ಲ, ಗಡಿಯಿಲ್ಲ, ಸ್ಪ್ಯಾನಿಷ್ ಮಾತೊಂದೂ ಬರುವುದಿಲ್ಲ. ಊರಿನ ಹೆಸರು ತೆಗೆದು ಇನ್ನೊಂದನ್ನು ಇಟ್ಟರೂ ಹಾಡಿಗೆ ಏನೂ ಆಗುವುದಿಲ್ಲ. ಹಾಗೆ ಇಟ್ಟು ಹಾಡಿದವರೂ ಬೇಕಾದಷ್ಟು ಜನ ಇದ್ದಾರೆ.

ಕತೆ ಸಣ್ಣದು. ಬೀದಿಯಲ್ಲಿ ನಡೆದು ಹೋಗುತ್ತಿದ್ದವನಿಗೆ ಬಿಳಿ ಬಟ್ಟೆಯಲ್ಲಿ ಸುತ್ತಿ ಮಲಗಿಸಿದ ಎಳೆಯ ಕೌಬಾಯ್ ಒಬ್ಬ ಕಾಣಿಸುತ್ತಾನೆ. ನೀನೂ ದನ ಕಾಯುವವನೇ ಅಲ್ಲವೇ, ಬಾ, ಪಕ್ಕದಲ್ಲಿ ಕೂತು ನನ್ನ ಕತೆ ಕೇಳು ಎಂದು ಅವನು ಕರೆಯುತ್ತಾನೆ. ಕುಡಿತಕ್ಕೆ ಬಿದ್ದೆ, ಇಸ್ಪೀಟಿಗೆ ಬಿದ್ದೆ, ಎದೆಗೆ ಗುಂಡು ಬಿತ್ತು, ಇವತ್ತೇ ಸಾಯುತ್ತೇನೆ ಎನ್ನುತ್ತಾನೆ. ಆಮೇಲೆ ತನ್ನ ಶವಯಾತ್ರೆ ಹೇಗೆ ನಡೆಯಬೇಕೆಂದು ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ: ಪೆಟ್ಟಿಗೆ ಹೊರಲು ಆರು ಜನ ಜೊತೆಗಾರರು, ಆರು ಜನ ಹುಡುಗಿಯರು, ಪೆಟ್ಟಿಗೆಯ ಮೇಲೆ ಗುಲಾಬಿ, ಮುಂದೆ ನಿಧಾನವಾಗಿ ಬಡಿಯುವ ಡೋಲು, ಮೆಲ್ಲಗೆ ನುಡಿಸುವ ಫೈಫ್ ಎಂಬ ಗಿಡ್ಡ ಕೊಳಲು. ಹೇಳಿ ಮುಗಿಸಿ ಸಾಯುತ್ತಾನೆ.

ನಮ್ಮಲ್ಲಿ ಹೆಣದ ಮುಂದೆ ತಮಟೆ ಬಡಿಯುವುದು ರೂಢಿ. ಹಾಗಾಗಿ ಕನ್ನಡದ ಕಿವಿಗೆ ಆ ಡೋಲು ವಿಚಿತ್ರ ಅನ್ನಿಸದೇ ಇರಬಹುದು. ಆದರೆ 1870ರ ದಶಕದ ಟೆಕ್ಸಾಸ್ ದನಗಾಹಿಗಳ ಬದುಕನ್ನು ಸ್ವಲ್ಪ ತಿಳಿದವರಿಗೆ ಅದು ತಟ್ಟನೆ ಎದ್ದು ಕಾಣುತ್ತದೆ. ಸಾವಿರಾರು ದನಗಳ ಹಿಂಡನ್ನು ಟೆಕ್ಸಾಸ್‌ನಿಂದ ಕ್ಯಾನ್ಸಸ್‌ನ ರೈಲು ನಿಲ್ದಾಣಗಳಿಗೆ ತಿಂಗಳುಗಟ್ಟಲೆ ಹೊಡೆದುಕೊಂಡು ಹೋಗುವ ಕೆಲಸ ಅವರದು. ದಾರಿಯಲ್ಲಿ ಒಬ್ಬ ಸತ್ತರೆ ಅವನದೇ ಕಂಬಳಿಯಲ್ಲಿ ಸುತ್ತಿ, ಗುಂಡಿ ತೋಡಿ ಹೂತು, ಪ್ರಾಣಿಗಳು ಕೆದಕದ ಹಾಗೆ ಕಲ್ಲು ಹೇರಿ ಮುಂದೆ ಸಾಗಬೇಕು. ಅಂಥವರ ನಡುವೆ ಡೋಲು, ಕೊಳಲು, ಮೆರವಣಿಗೆ ಎಲ್ಲಿಂದ ಬಂತು? ಈ ಹಾಡಿನ ಮೂಲದ ಬಗ್ಗೆ ನೂರು ವರ್ಷಗಳಿಂದ ವಿದ್ವಾಂಸರು ಬರೆಯುತ್ತಾ ಬಂದಿದ್ದಾರೆ. ಕರ್ತೃ ಯಾರು, ಊರು ಯಾವುದು, ಧಾಟಿ ಯಾವ ನಾಡಿನದು ಎಂದು ಕೇಳಿದ್ದಾರೆ. ಅದನ್ನೆಲ್ಲ ಓದಿದ ಮೇಲೆ ನನಗೆ ಉಳಿದದ್ದು ಡೋಲಿನ ಪ್ರಶ್ನೆಯೇ. ಅದರ ಸದ್ದು ಹಿಡಿದು ಹಿಂದಕ್ಕೆ ನಡೆದರೆ ದಾರಿ ತಪ್ಪುವುದು ಕಡಿಮೆ.

ಅಚ್ಚಿನಿಂದ ಶುರು ಮಾಡೋಣ. ಕೌಬಾಯ್ ಹಾಡುಗಳನ್ನು ಮೊದಲು ಪುಸ್ತಕವಾಗಿ ತಂದವರು ಎನ್. ಹೊವರ್ಡ್ ಥಾರ್ಪ್, ಜನ ಕರೆಯುತ್ತಿದ್ದುದು ಜ್ಯಾಕ್ ಥಾರ್ಪ್ ಎಂದು. 1889ರಲ್ಲಿ ಕುದುರೆ ಏರಿ ಸುಮಾರು 1,500 ಮೈಲಿ ಸುತ್ತಿ, ದನಗಾಹಿಗಳ ಬೀಡುಗಳಲ್ಲಿ ಬೆಂಕಿಯ ಮುಂದೆ ಕೂತು ಹಾಡು ಬರೆದುಕೊಂಡವರು. 1908ರಲ್ಲಿ ನ್ಯೂ ಮೆಕ್ಸಿಕೊದ ಎಸ್ಟಾನ್ಸಿಯಾ ಎಂಬ ಸಣ್ಣ ಊರಿನ ಮುದ್ರಣಾಲಯದಲ್ಲಿ 23 ಹಾಡುಗಳ ಪುಸ್ತಿಕೆ ಮಾಡಿಸಿದರು. ನಮ್ಮ ಹಾಡು 'ಕೌಬಾಯ್‌ನ ಪ್ರಲಾಪ' ಎಂಬ ಹೆಸರಿನಲ್ಲಿ ಅದರಲ್ಲಿದೆ. ಎರಡು ವರ್ಷದ ನಂತರ, 1910ರಲ್ಲಿ, ಜಾನ್ ಲೋಮ್ಯಾಕ್ಸ್ ಅವರ ದೊಡ್ಡ ಸಂಕಲನ ಬಂತು. ಥಿಯೊಡೋರ್ ರೂಸ್‌ವೆಲ್ಟ್ ಅದಕ್ಕೆ ಮೆಚ್ಚುಗೆಯ ಪತ್ರ ಬರೆದುಕೊಟ್ಟರು. ಅಲ್ಲಿ ಹಾಡು ಲರೇಡೋ ಬೀದಿಯಲ್ಲೇ ಶುರುವಾಗುತ್ತದೆ. ಇವತ್ತು ಜಗತ್ತು ಹಾಡುತ್ತಿರುವುದು ಬಹುಮಟ್ಟಿಗೆ ಆ ಪುಸ್ತಕದ ಪಾಠವನ್ನೇ. ಲೋಮ್ಯಾಕ್ಸ್ ಒಂದು ಮಾತನ್ನು ಮುಚ್ಚಿಡಲಿಲ್ಲ. ಒಂದೇ ಕತೆಯ ಬೇರೆ ಬೇರೆ ಪಾಠಗಳಿಂದ ಚೆನ್ನಾಗಿ ಕಂಡ ಸಾಲುಗಳನ್ನು ಆರಿಸಿ ಜೋಡಿಸಿದ್ದೇನೆ, ಇದು ಸಂಗ್ರಾಹಕರ ಧರ್ಮಕ್ಕೆ ತಪ್ಪಿದ ನಡೆ ಎಂದು ತಾವೇ ಮುನ್ನುಡಿಯಲ್ಲಿ ಒಪ್ಪಿಕೊಂಡರು. ನಮ್ಮ ಜನಪದ ಸಂಗ್ರಹಗಳಲ್ಲಿ ಪಾಠಾಂತರಗಳ ಕಷ್ಟ ಕಂಡವರಿಗೆ ಈ ಒಪ್ಪಿಗೆಯ ಬೆಲೆ ಗೊತ್ತಾಗುತ್ತದೆ. ಹೀಗೆ ಜೋಡಿಸಿದ ಪಾಠದಲ್ಲಿ ಯಾವ ಸಾಲು ಯಾರ ಬಾಯಿಯದೆಂದು ಬಿಡಿಸುವುದು ಆಗದ ಮಾತು. ಅಚ್ಚಾದ ಹಾಡು ಮತ್ತೆ ಬಾಯಿಗೆ ಇಳಿದು, ಹಳ್ಳಿಗಾಯಕರು ಅದನ್ನೇ ತಮ್ಮ ಅಜ್ಜನ ಹಾಡೆಂದು ಹಾಡತೊಡಗಿದ ಮೇಲಂತೂ ಗಂಟು ಇನ್ನೂ ಬಿಗಿಯಿತು.

ಲರೇಡೋಗೆ ಒಂದು ಎದುರಾಳಿ ಊರಿದೆ. ಹಲವು ಹಳೆಯ ಪಾಠಗಳಲ್ಲಿ ಕತೆ ನಡೆಯುವುದು ಟಾಮ್ ಶರ್ಮನ್ ಎಂಬವನ ಹೆಂಡದಂಗಡಿಯ ಮುಂದೆ. 1929ರಲ್ಲಿ ಡಿಕ್ ಡೆವಾಲ್ ಎಂಬ ಗಾಯಕ ಯಾವ ಪಕ್ಕವಾದ್ಯವೂ ಇಲ್ಲದೆ, ಒಂಟಿ ದನಿಯಲ್ಲಿ ಹಾಡಿದ ಧ್ವನಿಮುದ್ರಿಕೆಯ ಹೆಸರೂ 'ಟಾಮ್ ಶರ್ಮನ್ಸ್ ಬಾರ್‌ರೂಮ್'. ಟಾಮ್ ಶರ್ಮನ್ ಕಲ್ಪನೆಯ ವ್ಯಕ್ತಿಯಲ್ಲ. ಕ್ಯಾನ್ಸಸ್‌ನ ಡಾಡ್ಜ್ ಸಿಟಿಯಲ್ಲಿ 1870ರ ದಶಕದಲ್ಲಿ ಆ ಹೆಸರಿನವನ ಅಂಗಡಿ ನಿಜವಾಗಿಯೂ ಇತ್ತು. ದನದ ಹಾದಿ ಮುಗಿಯುವ ಊರು ಅದು. ತಿಂಗಳುಗಟ್ಟಲೆಯ ಸಂಬಳ ಒಮ್ಮೆಗೇ ಕೈಗೆ ಸಿಕ್ಕಿದ ಹುಡುಗರು ಕುಡಿಯುವುದು, ಆಡುವುದು, ಬಡಿದಾಡುವುದು ಅಲ್ಲಿಯೇ. ಕತೆಯ ಘಟನೆಗೆ ಲರೇಡೋಗಿಂತ ಡಾಡ್ಜ್ ಸಿಟಿ ಹತ್ತು ಪಾಲು ಹೊಂದುತ್ತದೆ.

ಟಾಮ್ ಶರ್ಮನ್‌ನ ಹೆಸರು ನಮ್ಮನ್ನು ಒಬ್ಬ ಮನುಷ್ಯನ ಬಳಿಗೆ ಕರೆದೊಯ್ಯುತ್ತದೆ. ಫ್ರಾನ್ಸಿಸ್ ಹೆನ್ರಿ ಮೇನಾರ್ಡ್ ಹುಟ್ಟಿದ್ದು 1853ರಲ್ಲಿ ಅಯೋವಾದಲ್ಲಿ. ಹರೆಯದಲ್ಲಿ ದನ ಹೊಡೆದು, ಕೊನೆಗೆ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ಬಡಗಿಯಾಗಿ ನೆಲೆ ನಿಂತರು. 1911ರಲ್ಲಿ ಅವರ ಪದ್ಯಗಳ ಸಣ್ಣ ಪುಸ್ತಕ ಬಂತು. ಈ ಹಾಡು ಅದರಲ್ಲಿತ್ತು. 1924ರಲ್ಲಿ ಎಲ್ಮೊ ಸ್ಕಾಟ್ ವಾಟ್ಸನ್ ಎಂಬ ಪತ್ರಿಕೋದ್ಯಮದ ಅಧ್ಯಾಪಕರು ಅವರನ್ನು ಮಾತಾಡಿಸಿ ಸ್ಥಳೀಯ ಪತ್ರಿಕೆಯಲ್ಲಿ ಬರೆದರು. ಆಗ ಮೇನಾರ್ಡ್ ಹೇಳಿದ್ದು ಇಷ್ಟು: 1876ರ ಚಳಿಗಾಲ. ಟೆಕ್ಸಾಸ್‌ನ ಕಡಲ ಕಡೆಯಿಂದ ಹೊರಟಿದ್ದ ಹಿಂಡನ್ನು ಆರ್ಕನ್ಸಾ ನದಿಯ ಸಾಲ್ಟ್ ಫೋರ್ಕ್ ಉಪನದಿಯ ಬಳಿ ತಂಗಿಸಿದ್ದೆವು. ವಸಂತ ಬಂದು ವಿಚಿಟಾದ ಮಾರುಕಟ್ಟೆ ತೆರೆಯುವವರೆಗೆ ಕಾಯಬೇಕಿತ್ತು. ನಮ್ಮ ಹುಡುಗರಿಗೆಲ್ಲ ಆಗ ತುಂಬ ಇಷ್ಟವಾಗಿದ್ದ ಹಾಡು ಸಾಯುತ್ತಿರುವ ಹುಡುಗಿಯೊಬ್ಬಳ ಪ್ರಲಾಪ. ಪ್ರಿಯಕರ ಕೈಕೊಟ್ಟ ಹುಡುಗಿ ಆಸ್ಪತ್ರೆಯಲ್ಲಿ ಸಾಯುವ ಕತೆ. ಹೊತ್ತು ಹೋಗದ ಒಂದು ದಿನ ಅದೇ ಧಾಟಿಗೆ ಬೇರೆ ಮಾತು ಕೂಡಿಸಿದೆ. ಹುಡುಗಿಯ ಜಾಗಕ್ಕೆ ಕೌಬಾಯ್ ಬಂದ. ಆಸ್ಪತ್ರೆಯ ಜಾಗಕ್ಕೆ ಟಾಮ್ ಶರ್ಮನ್‌ನ ಅಂಗಡಿ ಬಂತು. ಜೊತೆಯವರ ಮುಂದೆ ಹಾಡಿದೆ, ಮೆಚ್ಚಿದರು, ಮರುವರ್ಷ ಮಾರುಕಟ್ಟೆಯಲ್ಲಿ ಬೇರೆ ತಂಡದವರು ಕಲಿತರು, ಆಮೇಲೆ ಎಲ್ಲಿ ಹೋದರೂ ಅದೇ ಹಾಡು ಕೇಳಿಸುತ್ತಿತ್ತು.

ಇದನ್ನು ನಂಬಬೇಕೇ? ಬೇಡ ಎನ್ನುವವರ ಕಾರಣ ಸ್ಪಷ್ಟ. ನಡೆದದ್ದು 1876ರಲ್ಲಿ, ಹೇಳಿದ್ದು 1924ರಲ್ಲಿ. ನಡುವೆ 48 ವರ್ಷ. ಲೋಮ್ಯಾಕ್ಸ್ ಪುಸ್ತಕ ಬಂದು ಹಾಡು ಪ್ರಸಿದ್ಧವಾದ ಮೇಲೆ ಮೇನಾರ್ಡ್ ಅದನ್ನು ತಮ್ಮದೆಂದು ಅಚ್ಚು ಹಾಕಿಸಿದರು. ಜನಪದ ಹಾಡಿಗೆ ನಾನೇ ಕರ್ತೃ ಎಂದು ಹೇಳಿಕೊಂಡು ಬರುವ ಹಿರಿಯರು ಎಲ್ಲ ದೇಶದಲ್ಲೂ ಇದ್ದಾರೆ. ಆದರೂ ನಾನು ಮೇನಾರ್ಡ್ ಕಡೆಗೆ ವಾಲುತ್ತೇನೆ. ಸುಳ್ಳು ಹೇಳುವವನು ಹಾಡನ್ನು ಇಡಿಯಾಗಿ ತನ್ನದೆನ್ನುತ್ತಾನೆ. ಇವರು ಹಾಗೆನ್ನಲಿಲ್ಲ. ಧಾಟಿ ನನ್ನದಲ್ಲ, ಕತೆಯ ಅಚ್ಚು ನನ್ನದಲ್ಲ, ಹುಡುಗಿಯ ಹಾಡೊಂದಿತ್ತು, ಅದನ್ನು ತಿರುಗಿಸಿದೆ ಎಂದರು. ಸಂಬಂಧವೇ ಇಲ್ಲದ ಬೇರೆ ದಾರಿಯಿಂದ ವಿದ್ವಾಂಸರು ಬಂದು ಸೇರಿದ್ದೂ ಇದೇ ಜಾಗಕ್ಕೆ. ಆಸ್ಪತ್ರೆಯಲ್ಲಿ ಸಾಯುವ ಹುಡುಗಿಯ ಹಾಡು ಅಮೆರಿಕದ ಹಲವು ಕಡೆ ಸಿಕ್ಕಿತು. ಅದರಲ್ಲೂ ಶವಯಾತ್ರೆಯ ಬೇಡಿಕೆಗಳಿದ್ದವು. ಮೇನಾರ್ಡ್ ಅವರ ನೆನಪಿನ ಬರಹಗಳನ್ನು ಕ್ಯಾನ್ಸಸ್‌ನ ವಿದ್ವಾಂಸ ಜಿಮ್ ಹೊಯ್ 2010ರಲ್ಲಿ ಸಂಪಾದಿಸಿ ಪ್ರಕಟಿಸಿದ ಮೇಲೆ, ಆ ಮನುಷ್ಯ ತಾನು ಹೇಳಿದ ಹಾದಿಗಳಲ್ಲೇ ಓಡಾಡಿದವನೆಂಬುದಕ್ಕೆ ಬಲ ಬಂದಿದೆ. ಹಾಡನ್ನು ಅವರೊಬ್ಬರೇ ತಿರುಗಿಸಿದರೆಂದು ನಾನು ಹೇಳಲಾರೆ. ಒಂದೇ ಕಾಲದಲ್ಲಿ ನಾಲ್ಕಾರು ಬೀಡುಗಳಲ್ಲಿ ನಾಲ್ಕಾರು ಜನ ಹುಡುಗಿಯನ್ನು ತೆಗೆದು ಕೌಬಾಯ್‌ನನ್ನು ಮಲಗಿಸಿರಬಹುದು. ಅವರಲ್ಲಿ ಒಬ್ಬರು ಮೇನಾರ್ಡ್ ಎಂಬುದನ್ನು ಒಪ್ಪಲು ನನಗೆ ಅಡ್ಡಿ ಕಾಣುವುದಿಲ್ಲ.

ಆ ಹುಡುಗಿಯನ್ನು ದಾಟಿ ಇನ್ನೂ ಹಿಂದಕ್ಕೆ ಹೋದರೆ ಅಟ್ಲಾಂಟಿಕ್ ದಾಟಬೇಕು. 19ನೇ ಶತಮಾನದ ಲಂಡನ್ನಿನಲ್ಲಿ ಹೆನ್ರಿ ಸಚ್ ಎಂಬ ಮುದ್ರಕನಿದ್ದ. ಬೀದಿಯಲ್ಲಿ ಬಿಡಿಕಾಸಿಗೆ ಮಾರುವ ಒಂದೇ ಹಾಳೆಯ ಹಾಡುಗಳನ್ನು ಅಚ್ಚು ಹಾಕುತ್ತಿದ್ದವನು. ನಮ್ಮ ಜಾತ್ರೆಗಳಲ್ಲಿ ಲಾವಣಿಯ ಪುಸ್ತಿಕೆ ಮಾರುತ್ತಿದ್ದರಲ್ಲ, ಅದೇ ಜಾತಿಯ ಸರಕು. ಅವನು ಅಚ್ಚು ಹಾಕಿದ ಒಂದು ಹಾಳೆಯ ಹೆಸರು 'ನತದೃಷ್ಟ ಹುಡುಗ'. ಕತೆ ಶುರುವಾಗುವುದು ಲಾಕ್ ಆಸ್ಪತ್ರೆಯ ಮುಂದೆ. ಅಲ್ಲಿ ನಡೆದು ಹೋಗುತ್ತಿದ್ದವನಿಗೆ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿಕೊಂಡ ತನ್ನ ಗೆಳೆಯ ಕಾಣುತ್ತಾನೆ.

ಫ್ಲಾನೆಲ್ ಏಕೆ? ಹಾಡಿನ ಹುಟ್ಟು ಈ ಬಟ್ಟೆಯಲ್ಲಿದೆ. ಲಂಡನ್ ಲಾಕ್ ಆಸ್ಪತ್ರೆ 1747ರಲ್ಲಿ ತೆರೆದದ್ದು ಗುಹ್ಯರೋಗಿಗಳಿಗೆಂದೇ. ಬೇರೆ ಆಸ್ಪತ್ರೆಗಳು ಬಾಗಿಲು ಮುಚ್ಚುತ್ತಿದ್ದ ಜನಕ್ಕೆ ಅದೊಂದು ಆಸರೆ. ಅದಕ್ಕಿಂತ ಹಿಂದೆ ಲಂಡನ್ನಿನ ಸದರ್ಕ್‌ನಲ್ಲಿದ್ದ ಕುಷ್ಠರೋಗಿಗಳ ಮನೆಗೆ ಲಾಕ್ ಎಂಬ ಹೆಸರಿತ್ತು, ಅಲ್ಲಿಂದ ಇಲ್ಲಿಗೆ ಬಂತು. ಸಿಫಿಲಿಸ್‌ಗೆ ಆಗ ಇದ್ದ ಮದ್ದು ಪಾದರಸ. ನಮ್ಮ ಆಯುರ್ವೇದ ಗ್ರಂಥ ಭಾವಪ್ರಕಾಶದಲ್ಲೂ ಫಿರಂಗ ಎಂಬ ಇದೇ ರೋಗಕ್ಕೆ ಪಾದರಸವನ್ನೇ ಹೇಳಿದೆ. ಪಾದರಸದ ಮುಲಾಮು ಹಚ್ಚಿ, ಮಾತ್ರೆ ನುಂಗಿಸಿ, ರೋಗಿಯನ್ನು ಉಣ್ಣೆಯ ಫ್ಲಾನೆಲ್‌ನಲ್ಲಿ ಸುತ್ತಿ, ಬಿಸಿ ಕೋಣೆಯಲ್ಲಿ ಬೆವರಿಸುತ್ತಿದ್ದರು. ಬಾಯಲ್ಲಿ ಜೊಲ್ಲು ಸುರಿಯತೊಡಗಿದರೆ ವಿಷ ಇಳಿಯುತ್ತಿದೆ ಎಂದು ವೈದ್ಯರಿಗೆ ಸಮಾಧಾನ. ನಿಜವಾಗಿ ಅದು ಪಾದರಸವೇ ಮೈಗೇರಿದ ಗುರುತು. ವಸಡು ಕೊಳೆಯುತ್ತಿತ್ತು, ಹಲ್ಲು ಉದುರುತ್ತಿತ್ತು, ಉಸಿರು ನಾರುತ್ತಿತ್ತು. ಲಾಕ್ ಆಸ್ಪತ್ರೆಯ ಮುಂದೆ ಫ್ಲಾನೆಲ್ ಹೊದ್ದು ನಿಂತವನಿಗೆ ಏನಾಗಿದೆ ಎಂದು ಲಂಡನ್ನಿನ ಬೀದಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ಈಗ ಶವಯಾತ್ರೆಯನ್ನು ನೋಡಿ. ಡೋಲಿಗೆ ಬಟ್ಟೆ ಮುಚ್ಚಿ ಬಡಿಯಿರಿ, ಶವಯಾತ್ರೆಯ ವಾದ್ಯ ನುಡಿಸಿ, ಪೆಟ್ಟಿಗೆಯ ಮೇಲೆ ಬಂದೂಕು ಹಾರಿಸಿ ಎಂದು ಆ ಹುಡುಗ ಕೇಳುತ್ತಾನೆ. ಇದು ಸೈನಿಕನ ಅಂತ್ಯಕ್ರಿಯೆ. ಸೈನಿಕ, ನಾವಿಕ, ಕುದುರೆಸವಾರ ಎಂದು ಬ್ರಿಟನ್ನಿನ ಪಾಠಗಳು ಹೆಸರಿಟ್ಟೇ ಹೇಳುತ್ತವೆ. ಪೆಟ್ಟಿಗೆ ಹೊರುವವರ ಕೈಗೆ ಹೂಗೊಂಚಲು ಕೊಡಿ ಎನ್ನುವುದೂ ಇದೆ. ನನ್ನ ನಾತ ಅವರಿಗೆ ಹೊಡೆಯದಿರಲಿ ಎಂಬುದು ಅಲ್ಲಿನ ಕಾರಣ. ಲರೇಡೋಗೆ ಬರುವ ಹೊತ್ತಿಗೆ ಹೂವಿನ ಕಾರಣ ಬದಲಾಗುತ್ತದೆ. ಪೆಟ್ಟಿಗೆಯ ಮೇಲೆ ಬೀಳುವ ಮಣ್ಣಹೆಂಟೆಯ ಸದ್ದು ಅಡಗಲಿ ಎಂದು ಕೌಬಾಯ್ ಗುಲಾಬಿ ಕೇಳುತ್ತಾನೆ. ಫ್ಲಾನೆಲ್ ಇದ್ದದ್ದು ಬಿಳಿ ಲಿನನ್ ಆಗುತ್ತದೆ, ಎಂದರೆ ರೋಗಿಯ ಹೊದಿಕೆ ಹೆಣದ ಹೊದಿಕೆಯಾಗುತ್ತದೆ. ರೋಗದ ಜಾಗದಲ್ಲಿ ಗುಂಡು ಬರುತ್ತದೆ. ಬಯಲುಸೀಮೆಯ ಹುಡುಗನಿಗೆ ನಾಚಿಕೆಯ ಸಾವು ಬೇಡವಾಗಿತ್ತು. ಕಾರಣಗಳೆಲ್ಲ ಹೀಗೆ ಕಳಚಿ ಬಿದ್ದ ಮೇಲೂ ಡೋಲು ಮಾತ್ರ ಬಿಡಲಿಲ್ಲ. ಯಾಕೆ ಬಡಿಯುತ್ತಿದ್ದೇವೆಂದು ತಿಳಿಯದೆ ಬಡಿದ ಆ ಡೋಲಿನಿಂದಲೇ ಹಾಡಿಗೆ ಅಷ್ಟು ಭಾರ ಬಂದಿದೆ ಎಂದು ನನ್ನ ನಂಬಿಕೆ.

ಸಚ್‌ನ ಹಾಳೆಯಲ್ಲಿ ಇನ್ನೊಂದು ಮಾತಿದೆ, ನನಗೆ ತುಂಬ ನೋವು ಕೊಟ್ಟ ಮಾತು. ಅವಳು ನನಗೆ ಮೊದಲೇ ಹೇಳಿದ್ದರೆ ಹೊತ್ತಿಗೆ ಸರಿಯಾಗಿ ಮದ್ದು ತೆಗೆದುಕೊಳ್ಳುತ್ತಿದ್ದೆ ಎಂದು ಹುಡುಗ ದೂರುತ್ತಾನೆ. ಅವಳಿಗೆ ಎಲ್ಲಿಂದ ಬಂತು ರೋಗ ಎಂದು ಹಾಡು ಕೇಳುವುದಿಲ್ಲ. ಇದು ಬರೀ ಹಾಡಿನ ದೋಷವಲ್ಲ, ಆ ಕಾಲದ ಕಾನೂನಿನದೂ ಹೌದು. 1864ರಿಂದ ಬ್ರಿಟನ್ನಿನಲ್ಲಿ, 1868ರಲ್ಲಿ ಭಾರತದಲ್ಲಿ ಸಾಂಕ್ರಾಮಿಕ ರೋಗಗಳ ಹೆಸರಿನ ಕಾಯಿದೆಗಳು ಬಂದವು. ಬೆಂಗಳೂರು ದಂಡೂ ಸೇರಿ ನಮ್ಮ ಕಂಟೋನ್ಮೆಂಟ್‌ಗಳಲ್ಲಿ ಇದೇ ಹೆಸರಿನ ಲಾಕ್ ಆಸ್ಪತ್ರೆಗಳಿದ್ದವು. ರೋಗ ಸೈನಿಕನಿಗೂ ಇತ್ತು, ಹೆಂಗಸಿಗೂ ಇತ್ತು. ಸೈನಿಕರ ಆರೋಗ್ಯ ಕಾಯಲೆಂದು ಬಲವಂತದ ತಪಾಸಣೆಗೆ ಎಳೆದು, ಒಳಗೆ ಕೂಡಿಹಾಕುತ್ತಿದ್ದುದು ಮಾತ್ರ ಹೆಂಗಸರನ್ನು.

ಇನ್ನೂ ಹಿಂದೆ? ಪಿ. ಡಬ್ಲ್ಯೂ. ಜಾಯ್ಸ್ 1909ರಲ್ಲಿ ಪ್ರಕಟಿಸಿದ ಐರಿಷ್ ಹಾಡುಗಳ ಸಂಗ್ರಹದಲ್ಲಿ ಒಂದು ತುಣುಕಿದೆ. 1848ರಲ್ಲಿ ಕಾರ್ಕ್ ಪಟ್ಟಣದಲ್ಲಿ ವಿಲಿಯಂ ಫೋರ್ಡ್ ಎಂಬ ಸಂಗ್ರಾಹಕ ಬರೆದುಕೊಂಡದ್ದು. ಹಾಡಿದಾತ ಅದನ್ನು 1790ರ ಸುಮಾರಿಗೆ ಡಬ್ಲಿನ್ನಿನಲ್ಲಿ ಕೇಳಿ ಕಲಿತದ್ದಂತೆ. ಅದರಲ್ಲಿ ಆಸ್ಪತ್ರೆಯಿಲ್ಲ, ರೋಗವಿಲ್ಲ. ಒಬ್ಬರು ತಮ್ಮ ಶವಯಾತ್ರೆಯ ವಾದ್ಯದ ಬಗ್ಗೆ ಹೇಳುವ ಕೆಲವು ಸಾಲು ಮಾತ್ರ ಇದೆ. ಅಲ್ಲೂ ಡೋಲಿನ ಪ್ರಸ್ತಾಪ ಬರುತ್ತದೆ. ಇಷ್ಟರ ಮೇಲೆ ಹಾಡು ಐರ್ಲೆಂಡಿನದೇ ಎಂದು ತೀರ್ಪು ಕೊಟ್ಟವರಿದ್ದಾರೆ. ಸುಮಾರು 58 ವರ್ಷ ಒಬ್ಬರ ನೆನಪಿನಲ್ಲಿದ್ದ ನಾಲ್ಕು ಸಾಲಿನ ಮೇಲೆ ಅಷ್ಟು ಭಾರ ಹಾಕಲು ನನಗೆ ಧೈರ್ಯ ಸಾಲದು. 18ನೇ ಶತಮಾನದ ಕೊನೆಗೆ ಈ ಹಾಡಿನ ಕುಟುಂಬದ್ದೊಂದು ಹಾಡು ಡಬ್ಲಿನ್ ಬೀದಿಯಲ್ಲಿತ್ತು, ಅಷ್ಟು ಹೇಳಬಹುದು. ಧಾಟಿಯ ಮಾತೂ ಹೀಗೆಯೇ. ಲರೇಡೋ ಹಾಡಿನ ಮೂರು ಎಣಿಕೆಯ ತೂಗುವ ಧಾಟಿ 'ಬಾರ್ಡ್ ಆಫ್ ಆರ್ಮಾ' ಎಂಬ ಐರಿಷ್ ಹಾಡಿನದಕ್ಕೆ ಒಡಹುಟ್ಟು ಎಂಬುದು ಕೇಳಿದವರಿಗೆ ಒಡನೆ ತಿಳಿಯುತ್ತದೆ. ಆದರೆ ಧಾಟಿಯೊಂದು ಹತ್ತು ಹಾಡಿಗೆ ಹೊಂದುತ್ತದೆ. ಮಾತಿನ ವಂಶವನ್ನು ಧಾಟಿಯಿಂದ ಅಳೆಯಲಾಗದು.

ಈ ಕುಟುಂಬದ ಹಾಡುಗಳಿಗೆಲ್ಲ ಇಂದು 'ಅನ್‌ಫಾರ್ಚುನೇಟ್ ರೇಕ್' ಎಂಬ ಹೆಸರು ಓಡುತ್ತದೆ. ಲಂಡನ್ನಿನ ಸ್ಟೀವ್ ರೌಡ್ ತಯಾರಿಸಿದ ಜನಪದ ಹಾಡುಗಳ ಬೃಹತ್ ಸೂಚಿಯಲ್ಲಿ ಇದಕ್ಕೆ ಎರಡನೇ ಸಂಖ್ಯೆ. ಆ ಹೆಸರು ಮನೆಮಾತಾಗಲು ಕಾರಣ 1960ರಲ್ಲಿ ಫೋಕ್‌ವೇಸ್ ಕಂಪನಿ ತಂದ, ಕೆನೆತ್ ಗೋಲ್ಡ್‌ಸ್ಟೀನ್ ಸಂಪಾದಿಸಿದ ಎಲ್‌ಪಿ ಧ್ವನಿಮುದ್ರಿಕೆ. ಒಂದೇ ಹಾಡಿನ 20 ರೂಪಗಳನ್ನು ಸಾಲಾಗಿ ಕೇಳಿಸುವ ಅಂಥ ಕೆಲಸ ಅದಕ್ಕೆ ಮೊದಲು ನಡೆದಿರಲಿಲ್ಲ ಎಂದೇ ಹೇಳಬೇಕು. ಸೈನಿಕ ಬರುತ್ತಾನೆ, ಹುಡುಗಿ ಬರುತ್ತಾಳೆ, ಕೌಬಾಯ್, ಮರ ಕಡಿಯುವವ, ಜೂಜುಕೋರ ಬರುತ್ತಾರೆ. 1934ರ ಜುಲೈ 5ರಂದು ಸ್ಯಾನ್ ಫ್ರಾನ್ಸಿಸ್ಕೊ ಬಂದರಿನ ಮುಷ್ಕರದಲ್ಲಿ ಪೊಲೀಸರ ಗುಂಡಿಗೆ ಸತ್ತ ಕಾರ್ಮಿಕರು ಬರುತ್ತಾರೆ. 1956ರಲ್ಲಿ ಚೀನೀ ಮೂಲದವನೆಂಬ ಕಾರಣಕ್ಕೆ ವಿದ್ಯಾರ್ಥಿ ಸಂಘದಿಂದ ಹೊರಗುಳಿದ ಶರ್ಮನ್ ವೂ ಕೂಡ ಬರುತ್ತಾನೆ. ಕೇಳುತ್ತಾ ಹೋದರೆ ಒಂದು ನದಿಯ ಗುಂಟ ನಡೆದ ಹಾಗಾಗುತ್ತದೆ.

ಅಷ್ಟು ಒಳ್ಳೆಯ ಕೆಲಸದ ಮೊದಲ ಹಾಡಿನಲ್ಲೇ ತೊಡಕಿದೆ. ಎ. ಎಲ್. ಲಾಯ್ಡ್ ಹಾಡಿದ ಆ ಪಾಠ ಸೇಂಟ್ ಜೇಮ್ಸ್ ಆಸ್ಪತ್ರೆಯ ಹೆಸರು ಹೇಳುತ್ತದೆ. ಅದು ಎಲ್ಲಕ್ಕೂ ಮೂಲ, ಲೂಯಿ ಆರ್ಮ್‌ಸ್ಟ್ರಾಂಗ್ 1928ರಲ್ಲಿ ನುಡಿಸಿ ಹಾಡಿದ 'ಸೇಂಟ್ ಜೇಮ್ಸ್ ಇನ್‌ಫರ್ಮರಿ' ಕೂಡ ಅದರ ಮಗು ಎಂದು ಬಹಳ ಕಾಲ ಎಲ್ಲರೂ ಬರೆದರು. ಆದರೆ ಲಂಡನ್ನಿನ ಸೇಂಟ್ ಜೇಮ್ಸ್ ಕುಷ್ಠರೋಗದ ಆಸ್ಪತ್ರೆಯನ್ನು ಎಂಟನೇ ಹೆನ್ರಿ 1530ರ ದಶಕದಲ್ಲೇ ಮುಚ್ಚಿಸಿ ಅಲ್ಲಿ ಅರಮನೆ ಕಟ್ಟಿಸಿದ. ನಮ್ಮ ಹಾಡಿನ ಮೊದಲ ಸುಳಿವು ಸಿಗುವುದು ಅದಾದ ಇನ್ನೂರೈವತ್ತು ವರ್ಷದ ನಂತರ. ಸೇಂಟ್ ಜೇಮ್ಸ್ ಹೆಸರಿನ ಪಾಠವನ್ನು ಜನಪದ ಹಾಡುಗಳ ಸಂಗ್ರಾಹಕ ಸೆಸಿಲ್ ಶಾರ್ಪ್ 1918ರಲ್ಲಿ ಬರೆದುಕೊಂಡದ್ದು ಇಂಗ್ಲೆಂಡಿನಲ್ಲಲ್ಲ, ಅಮೆರಿಕದ ವರ್ಜೀನಿಯಾದಲ್ಲಿ. ಈ ಶತಮಾನದಲ್ಲಿ ರಾಬರ್ಟ್ ಹಾರ್ವುಡ್ ಮುಂತಾದವರು ಕೂತು ಹಳೆಯ ಹಾಳೆಗಳನ್ನೆಲ್ಲ ಮಗುಚಿ, ಲಾಯ್ಡ್ ಹಾಡಿದ ಪಾಠ ಆ ರೂಪದಲ್ಲಿ ಹಳೆಯದಲ್ಲ ಎಂದು ತೋರಿಸಿದ್ದಾರೆ. ಲಾಯ್ಡ್ ದೊಡ್ಡ ಗಾಯಕ, ದೊಡ್ಡ ವಿದ್ವಾಂಸ. ಹರಿದ ಬಟ್ಟೆ ಕಂಡರೆ ಹೊಲಿಯದೇ ಇರಲಾರದ ಕೈ ಅವರದು. ಹೊಲಿದೆ ಎಂದು ಲೋಮ್ಯಾಕ್ಸ್ ಹೇಳಿಬಿಟ್ಟರು. ಲಾಯ್ಡ್ ಹೇಳಲಿಲ್ಲ. ಮೂಲ ಹುಡುಕುವ ಕೆಲಸದಲ್ಲಿ ಇವೆರಡರ ನಡುವಿನ ವ್ಯತ್ಯಾಸ ಸಣ್ಣದಲ್ಲ.

ಹಾಗಾದರೆ ಲರೇಡೋ ಗೆದ್ದದ್ದು ಹೇಗೆ? ಲೋಮ್ಯಾಕ್ಸ್ ಟೆಕ್ಸಾಸಿನವರಾದದ್ದು ಒಂದು ಕಾರಣ, ಅವರ ಪುಸ್ತಕ ಹರಡಿದ್ದು ಇನ್ನೊಂದು. ಕಿವಿಗೆ ಸಂಬಂಧಿಸಿದ ಕಾರಣವೂ ಇದೆ. ಲ-ರೇ-ಡೋ: ಒಂದು ಲಘು, ಎರಡು ಗುರು. ನಮ್ಮ ಲೆಕ್ಕದಲ್ಲಿ ಯಗಣ. ಮೂರು ಎಣಿಕೆಯ ಧಾಟಿಯಲ್ಲಿ ನಡುವಿನ 'ರೇ' ಮೇಲೆ ಪೆಟ್ಟು ಬಿದ್ದು, ಕೊನೆಯ 'ಡೋ' ಬಾಯಿ ತೆರೆದೇ ಉಳಿದು ಎಳೆದಷ್ಟೂ ಎಳೆಯುತ್ತದೆ. ರಾತ್ರಿ ದನ ಬೆದರದ ಹಾಗೆ ಹಿಂಡಿನ ಸುತ್ತ ಕುದುರೆಯ ಮೇಲೆ ಮೆಲ್ಲಗೆ ಸುತ್ತುತ್ತಾ ಹಾಡುವವರಿಗೆ ಇಂಥ ಹೆಸರು ಬೇಕು. ಟಾಮ್ ಶರ್ಮನ್ಸ್ ಬಾರ್‌ರೂಮ್ ಎಂದು ಎಳೆದು ಹಾಡಿ ನೋಡಿ, ನಾಲಿಗೆ ಎಡವುತ್ತದೆ. ವಚನಕ್ಕೆ ಅಂಕಿತವಿದ್ದಂತೆ ಈ ಹಾಡಿಗೆ ಊರಿನ ಹೆಸರು ಎಂದುಕೊಳ್ಳುತ್ತೇವೆ. ಆದರೆ ಇಲ್ಲಿ ಅಂಕಿತವೇ ಎಲ್ಲಕ್ಕಿಂತ ಕೊನೆಗೆ ಬಂದು ಕೂತದ್ದು.

ಕ್ಯಾಶ್ ಈ ಹಾಡನ್ನು ಮೊದಲು ಧ್ವನಿಮುದ್ರಿಸಿದ್ದು 1965ರಲ್ಲಿ. ಮತ್ತೆ ಹಾಡಿದ್ದು 2002ರ ಆಲ್ಬಮ್‌ನಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಮರುವರ್ಷ ತೀರಿಕೊಳ್ಳುವ ಮುನ್ನ. ನಾನು ಈ ಹಾಡನ್ನು ಮೊದಲು ಕೇಳಿದ್ದು ಆ ಎರಡನೆಯದರಲ್ಲಿ. ದನಿ ಬಿರುಕು ಬಿಟ್ಟಿದೆ, ಸಾಲಿನ ಕೊನೆಗೆ ಉಸಿರು ಸಾಲುವುದಿಲ್ಲ. ಎಳೆಯ ಹುಡುಗನ ಸಾವನ್ನು ಹಾಡುತ್ತಿರುವವರಿಗೆ ತಮ್ಮದೇ ಶವಯಾತ್ರೆಯ ಸದ್ದು ಕೇಳಿಸುತ್ತಿದೆ ಅನ್ನಿಸಿ ಅವತ್ತು ಮತ್ತೊಮ್ಮೆ ಕೇಳಲಾಗಲಿಲ್ಲ. ಅದಕ್ಕೂ ಬಹಳ ಮೊದಲು, 1945ರಲ್ಲಿ, ಬೆಲ್‌ಫಾಸ್ಟ್ ಮೂಲದ ಕವಿ ಲೂಯಿ ಮ್ಯಾಕ್‌ನೀಸ್ ಇದೇ ಹಾಡಿನ ಹೆಸರು, ಲಯ ಇಟ್ಟುಕೊಂಡು ಬಾಂಬ್ ದಾಳಿಯಲ್ಲಿ ಉರಿಯುವ ಲಂಡನ್ನಿನ ಬಗ್ಗೆ ಕವಿತೆ ಬರೆದರು. ಲಾಕ್ ಆಸ್ಪತ್ರೆಯ ಊರಿಗೆ ಹಾಡು ಲರೇಡೋ ಹೆಸರು ಹೊತ್ತು ಮರಳಿತು. ಆ ಆಸ್ಪತ್ರೆ ಆಗಲೂ ಇತ್ತು, ಮುಚ್ಚಿದ್ದು 1952ರಲ್ಲಿ.

ನನ್ನ ಮನಸ್ಸು ಮಾತ್ರ ಮೇನಾರ್ಡ್ ಹಾಡಿನಿಂದ ಹೊರಗೆ ಕಳಿಸಿದ ಆ ಹುಡುಗಿಯ ಹಿಂದೆಯೇ ಹೋಗುತ್ತದೆ. ಸೈನಿಕನಿಗೂ ಕೌಬಾಯ್‌ಗೂ ನಡುವೆ ಹಾಸಿಗೆಯ ಮೇಲೆ ಅವಳಿದ್ದಳು. ಲಂಡನ್ನಿನ ಹುಡುಗ ಯಾರನ್ನು ದೂರಿದನೋ ಅವಳ ಬಾಯಿಗೇ ಹಾಡು ಬಂದಿತ್ತು. ಕೌಬಾಯ್ ಅವಳ ಧಾಟಿ ತೆಗೆದುಕೊಂಡ, ಅವಳ ಮೆರವಣಿಗೆ ತೆಗೆದುಕೊಂಡ, ಜಗತ್ತು ಅವನನ್ನು ನೆನಪಿಟ್ಟಿತು. ಅವಳ ಹಾಡು ಬೆಟ್ಟದ ಊರುಗಳಲ್ಲಿ ಹೆಂಗಸರ ಬಾಯಲ್ಲಿ ಉಳಿಯಿತು. ಜಾನ್ ಲೋಮ್ಯಾಕ್ಸ್ ಲರೇಡೋ ಪಾಠವನ್ನು ಅಚ್ಚು ಹಾಕಿಸಿ 31 ವರ್ಷಗಳಾದ ಮೇಲೆ, 1941ರಲ್ಲಿ, ಅವರ ಮಗ ಅಲನ್ ಲೋಮ್ಯಾಕ್ಸ್ ವರ್ಜೀನಿಯಾದ ಸೇಲಂ ಊರಿಗೆ ಧ್ವನಿಮುದ್ರಣ ಯಂತ್ರ ಹೊತ್ತು ಹೋದರು. ಅಲ್ಲಿ ಟೆಕ್ಸಾಸ್ ಗ್ಲ್ಯಾಡನ್ ಎಂಬ ಗೃಹಿಣಿ ವಾದ್ಯವಿಲ್ಲದೆ ಆ ಹುಡುಗಿಯ ಹಾಡನ್ನು ಹಾಡಿದರು. ಅದರಲ್ಲಿ ಲಾಕ್ ಆಸ್ಪತ್ರೆಯ ಹೆಸರಿಲ್ಲ, ಪಾದರಸದ ಹೆಸರಿಲ್ಲ. ಆದರೆ ಸಾಯುವ ಹುಡುಗಿ ತನ್ನ ಮೈಗೆ ಏನಾಗಿದೆ ಎಂದು ಹೇಳುವಾಗ ಒಂದು ಪದ ಬಳಸುತ್ತಾಳೆ. ಪಾದರಸ ಮೈಗೇರಿದವರ ಬಾಯಿಂದ ಸುರಿಯುವ ಜೊಲ್ಲಿಗೆ ವೈದ್ಯರು ಬಳಸುತ್ತಿದ್ದ ಪದ ಅದು.